ಕೌದಿಗೆ ಬಿದ್ದ ಗುದ್ದು

ನನ್ನ ಗುದ್ದಿಗೆ ಅತ್ತೆ ಹಿಂದಕ್ಕೆ ಸರಿದು ಮೇವಿನ ರಾಶಿಯ ಮೇಲೆ ಧೊಪ್ಪನೆ ಕುಳಿತುಬಿಟ್ಟರು.

ಕೌಜಲಗಿಯ ನಮ್ಮ ಹಿತ್ತಲಲ್ಲಿ ಅವರು ಎರಡೂ ಕೈಗೆ ಹಳೆಯ ಸೀರೆಗಳನ್ನು ಹೊಲಿದ ದಪ್ಪ ಕೌದಿ ಸುತ್ತಿಕೊಂಡು ನನಗೆ ಬಾಕ್ಸಿಂಗ್ ಅಭ್ಯಾಸ ಮಾಡಿಸುತ್ತಿದ್ದರು. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಈಗ ಗೋಕಾಕದಲ್ಲಿ ದೈಹಿಕ ಶಿಕ್ಷಣ ಓದುತ್ತೇನೆ. ಶನಿವಾರದೊಳಗೆ ಗುದ್ದಿಗೆ ತಾಕತ್ತು ಬರದಿದ್ದರೆ ಕಾಲೇಜು ತಂಡದಲ್ಲಿ ಜಾಗವಿಲ್ಲ ಎಂದು ಕೋಚ್ ಹೇಳಿಬಿಟ್ಟಿದ್ದರು. ಆದರೆ ಅತ್ತೆಯ ಮುಖ ಕಂಡರೆ ಸಾಕು, ನನ್ನ ಕೈ ಅರ್ಧಕ್ಕೇ ನಿಲ್ಲುತ್ತಿತ್ತು.

"ನನ್ನ ಮಾರಿ ಯಾಕ ನೋಡ್ತಿ? ಹಿಂದಿನ ಗ್ವಾಡಿ ಬೀಳೂಹಂಗ ಹೊಡಿ!" ಎಂದು ಅವರೇ ಗದರಿದರು. ಗೋಡೆಯನ್ನೇ ನೋಡಿ, ಹಿಮ್ಮಡಿ ತಿರುವಿ, ಸೊಂಟದ ಬಲವನ್ನೂ ಸೇರಿಸಿ ಹೊಡೆದೆ.

ಅತ್ತೆ ಬಿದ್ದ ಸಪ್ಪಳಕ್ಕೆ ಬಾಜೂ ಮನೆಯ ಗಂಗವ್ವ ಇಣುಕಿ, "ಅಯ್ಯ ಶಿವನ! ಸೊಸಿ ಅತ್ತಿನ್ನ ಹೊಡಿಯಾಕತ್ತಾಳ, ಬರ್ರೀ!" ಎಂದು ಕೂಗಿದಳು. ನಾನು ಅತ್ತೆಯ ಕಾಲು ಹಿಡಿಯಲು ಓಡಿದೆ. ಅವರು ತಲೆಯ ಮೇಲಿನ ಮೇವು ಕೊಡವಿ, "ಶಾಬಾಸ್! ಈಗ ಬಂತ ನೋಡವ್ವಾ ತಾಕತ್ತು. ಗಂಗವ್ವಾ, ನೀನೂ ಒಂದ ಕೌದಿ ತಗೊಂಡ ಬಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಶನಿವಾರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಊರಿಗೆ ಬಂದೆ. ನನಗೆ ಶಾಬಾಸ್ ಅಂದವರು ಬಹಳ ಮಂದಿ. ನನ್ನ ಗುದ್ದಿಗೇ ಬಿದ್ದು ಶಾಬಾಸ್ ಅಂದವರು ಅತ್ತೆಯೊಬ್ಬರೇ.