ಗಾಳಿಯಂತ್ರದ ಸೋಮವಾರ

ಸದಾಶಿವನಗರದ ಗ್ಯಾರೇಜಿಗೆ ಇವತ್ತು ಸ್ಕೂಟಿ ರಿಪೇರಿಗೆ ಹೋಗಿದ್ದೆ. ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ, ಪಾರಿಶ್ವಾಡದ ನಮ್ಮ ಹೊಲದ ಗಾಳಿಯಂತ್ರ ಕಣ್ಮುಂದೆ ಬಂತು.

ಬಾವಿಯ ಮೇಲೆ ಅದನ್ನು ನಿಲ್ಲಿಸಿದವರು ನಮ್ಮಜ್ಜ ಮತ್ತು ಊರಿನ ಕಂಬಾರ. ನಾಲ್ಕು ಕಬ್ಬಿಣದ ಕಾಲು, ಹಳೇ ಬ್ಯಾರಲ್ ಸೀಳಿ ಬಡಿದ ರೆಕ್ಕೆಗಳು, ಹಿಂದೆ ತಗಡಿನ ಬಾಲ. ಅದು ಬಂದ ಮೇಲೆ ಎತ್ತುಗಳಿಗೆ ನೀರೆತ್ತುವ ಕೆಲಸ ತಪ್ಪಿತು. ಚಕ್ಕಡಿಯ ಕೀಲೆಣ್ಣೆಯನ್ನೇ ಅಜ್ಜ ಅದಕ್ಕೂ ಸವರುತ್ತಿದ್ದ.

ಸೋಮವಾರ ಮಾತ್ರ ತಂತಿ ಎಳೆದು, ಬಾಲ ಮಡಚಿ, ಚಕ್ರ ನಿಲ್ಲಿಸಿಬಿಡುತ್ತಿದ್ದ.

“ಗಾಳಿ ಚಲೋ ಐತಿ, ಬಿಡ್ರಿ ಅದನ್ನ. ಬದನಿ ಸಸಿ ಬಾಡಾಕತ್ತಾವು,” ಅನ್ನುತ್ತಿದ್ದಳು ಅಜ್ಜಿ.

“ಎತ್ತಿನ ಕೆಲಸಾ ಮಾಡತೈತಿ ಇದು. ಸೋಮವಾರ ಬಸವಣ್ಣನ ವಾರ. ಎತ್ತು ಹೂಡಂಗಿಲ್ಲ ಅಂದಮ್ಯಾಲೆ ಇದನ್ನ ಹೆಂಗ ಹೂಡೂದು?”

ಅಜ್ಜಿ ಬಾವಿಯಿಂದ ನೀರು ಸೇದಿ, ಕೊಡ ಸೊಂಟದ ಮೇಲಿಟ್ಟುಕೊಂಡು ಬದನೆ ಮಡಿಗೆ ಹೊರುತ್ತಿದ್ದಳು. ಅಜ್ಜ ದೊಡ್ಡ ಮನಸ್ಸಿನವನು ಅಂತ ಊರೆಲ್ಲ ಹೊಗಳುತ್ತಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ.

“ನಾಳಿ ಸೋಮವಾರ, ಬಂದ್ ಇರತೈತ್ರಿ. ನಾಡದ ಬರ್ರಿ,” ಅಂದ ಗ್ಯಾರೇಜಿನ ಮೆಕ್ಯಾನಿಕ್.

ಎತ್ತಿಗೆ ಸೋಮವಾರ ಇತ್ತು. ತಗಡಿನ ಚಕ್ರಕ್ಕೂ ಇತ್ತು. ಅಜ್ಜಿಗೆ ಯಾವ ವಾರ ಅಂತ ಅಜ್ಜನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.