ಚೌಕಟ್ಟಿನ ಮೇಲೊಂದು ಸೀಮೆಸುಣ್ಣದ ಗುರುತು

ಸೀಮೆಸುಣ್ಣಕ್ಕೂ ಒಂದು ವಾಸನೆ ಇದೆ. ಇಷ್ಟು ವರ್ಷ ಅದರ ಪುಡಿಯಲ್ಲೇ ಬದುಕಿದ ನನಗೆ ಅದು ಗೊತ್ತಾಗುವುದು ಅಪರೂಪ. ಮೊನ್ನೆ ಬಾಗಲಕೋಟೆ ನವನಗರದ ನಮ್ಮ ಮನೆಯ ಬಾಗಿಲಲ್ಲಿ ಗೊತ್ತಾಯಿತು. ನಾನಿದ್ದೆ, ನನ್ನ ಹೆಂಡತಿ ಇದ್ದಳು, ಬಾಣಂತನಕ್ಕೆ ಬಂದ ಮಗಳು ಹೊಸ್ತಿಲ ಒಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹೆಗಲಿಗೆ ನೀಲಿ ಡಬ್ಬಿ ತೂಗಿಸಿಕೊಂಡು ಬಂದಿದ್ದ ಆರೋಗ್ಯ ಇಲಾಖೆಯ ಹುಡುಗಿ ಕೂಸಿನ ಬಾಯಿಗೆ ಪೋಲಿಯೋದ ಎರಡು ಹನಿ ಬಿಟ್ಟಳು, ಕಿರುಬೆರಳಿಗೆ ಮಸಿ ಹಚ್ಚಿದಳು. ಆಮೇಲೆ ಸೀಮೆಸುಣ್ಣ ತೆಗೆದು ಬಾಗಿಲ ಚೌಕಟ್ಟಿನ ಮೇಲೆ ಗುರುತು ಹಾಕಲು ಕೈ ಎತ್ತಿದಳು.

"ತಡಿಯವ್ವಾ," ಎಂದೆ. "ಬಾಗಲಕ್ಕ ಬ್ಯಾಡ. ಗ್ವಾಡಿ ಮ್ಯಾಲ ಬರಿ."

"ಬಾಗಲಕ್ಕ ಬರದ್ರ ಏನಾಗ್ತೈತ್ರಿ ಸರ?"

ಏನಾಗುತ್ತದೆ... ಅದನ್ನು ಹೇಳಬೇಕೆಂದರೆ ನಾನು ಇಳಕಲ್ಲಿನ ಆ ನೇಕಾರರ ಓಣಿಗೆ ಹೋಗಬೇಕು, ಅಲ್ಲಿ ರಾಟಿಯ ಮುಂದೆ ಕೂತ ಆಯಿಯ ಎದುರಿಗೆ ನಿಲ್ಲಬೇಕು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಬಾದಾಮಿ ಕಡೆಯ ಹಳ್ಳಿಯವನು. ಮಾಸ್ತರಿಕೆ ಸಿಕ್ಕು ಇಳಕಲ್ಲಿಗೆ ಬಂದು ಒಂದು ಕೋಣೆ ಹಿಡಿದಿದ್ದೆ. ಲಗ್ನವಾಗಿರಲಿಲ್ಲ. ಓದಿದ್ದು ಸ್ವಲ್ಪ, ಹೇಳುವುದು ಬಹಳ. ದೇವರಿಲ್ಲ ಎಂದು ಹೊಸದಾಗಿ ತಿಳಿದುಕೊಂಡಿದ್ದೆ. ಹೊಸ ಚಪ್ಪಲಿ ಹಾಕಿಕೊಂಡವನ ಹಾಗೆ ಅದನ್ನು ಸಪ್ಪಳ ಮಾಡಿಕೊಂಡೇ ಓಡಾಡುತ್ತಿದ್ದೆ.

ಓಣಿಯ ಜನರೆಲ್ಲ ಆಯಿ ಎನ್ನುತ್ತಿದ್ದ ಆ ಮುದುಕಿಯದು ಎದುರು ಮನೆ. ಅದು ಅವಳ ಮಗಳ ಮನೆ. ಅಳಿಯ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ನಾನು ಅಕ್ಕ ಎನ್ನುತ್ತಿದ್ದ ಮಗಳು ಅವನಿಗೆ ನೂಲು ಅಣಿಮಾಡುತ್ತಿದ್ದಳು. ಆಯಿ ಗೋಡೆಗೆ ಬೆನ್ನು ಕೊಟ್ಟು ರಾಟಿ ತಿರುಗಿಸುತ್ತ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳ ಪಕ್ಕದಲ್ಲಿ ಯಾವಾಗಲೂ ಒಂದು ಬಸಿ, ಬಸಿಯಲ್ಲಿ ಚಹಾ. ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಎಂದು ಅವಳೂ ಎಣಿಸುತ್ತಿರಲಿಲ್ಲ, ಮಗಳೂ ಎಣಿಸುತ್ತಿರಲಿಲ್ಲ. "ರಾಟಿಗೆ ಎಣ್ಣಿ, ನನಗ ಚಹಾ," ಎನ್ನುತ್ತಿದ್ದಳು. ನಾನು ಬಂದ ಎರಡನೆಯ ದಿನವೇ ಕೋಣೆಯೊಳಗೆ ಇಣುಕಿ, ನನ್ನ ಸ್ಟೋವಿನ ಮೇಲಿನ ಅನ್ನ ನೋಡಿ, "ಇದು ಅನ್ನನೋ, ಗಂಜಿ ಹಾಕಿದ ನೂಲೋ?" ಎಂದು ಕೇಳಿದವಳು, ಅಂದಿನಿಂದ ದಿನಾ ಮುಂಜಾನೆ ನನಗೆ ಎರಡು ರೊಟ್ಟಿ ಕಳಿಸತೊಡಗಿದಳು.

ಆಯಿಗೆ ಸರ್ಕಾರದ ಯಾವ ಮಾತಿನ ಮೇಲೂ ನಂಬಿಕೆ ಇರಲಿಲ್ಲ. ಮಳೆ ಬರುತ್ತದೆ ಎಂದು ರೇಡಿಯೋದಲ್ಲಿ ಮುಂಚಿತವಾಗಿ ಹೇಳಿ ಹೇಳಿ ಮಳೆಯನ್ನು ಓಡಿಸುತ್ತಾರೆ ಎನ್ನುತ್ತಿದ್ದಳು. ಪಾಕೀಟಿನಲ್ಲಿ ಬರುವ ಸಣ್ಣ ಉಪ್ಪು ಮನುಷ್ಯರ ಸಿಟ್ಟು ಕಡಿಮೆ ಮಾಡಲಿಕ್ಕೆ ಮಾಡಿದ್ದು ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು, ಆದರೆ ಹರಳುಪ್ಪನ್ನೇ ತರಿಸುತ್ತಿದ್ದಳು.

ಆ ವರ್ಷ ಪೋಲಿಯೋ ಹನಿ ಹಾಕಲು ಮನೆಮನೆಗೆ ಹೋಗುವ ಕೆಲಸಕ್ಕೆ ಮಾಸ್ತರರನ್ನೂ ಹಚ್ಚಿದರು. ದವಾಖಾನೆಯ ಸಿಸ್ಟರ್ ಜೊತೆಗೆ ನನ್ನದೇ ಓಣಿ ನನಗೆ ಬಂತು. ಅಷ್ಟರಲ್ಲಿ ಓಣಿಯಲ್ಲಿ ಒಂದು ಸುದ್ದಿ ಹಬ್ಬಿತ್ತು: ಆ ಹನಿ ಕುಡಿದ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ, ಜನ ಹೆಚ್ಚಾದರೆಂದು ಮೇಲಿನವರು ಸೇರಿ ಮಾಡಿದ ಹಂಚಿಕೆ ಇದು ಎಂದು. ಎಲ್ಲಿಂದ ಬಂತೋ, ಯಾರು ತಂದರೋ...

ಅಕ್ಕನ ತೊಡೆಯ ಮೇಲೆ ಆಗ ಎಂಟು ತಿಂಗಳ ಗಂಡುಕೂಸು. ಲಗ್ನವಾದ ಒಂಬತ್ತು ವರ್ಷಕ್ಕೆ, ಆಯಿ ಬನಶಂಕರಿಗೆ ನಡೆದುಹೋಗಿ ಬೇಡಿಕೊಂಡ ಮೇಲೆ ಹುಟ್ಟಿದ್ದು. ಸಿಸ್ಟರ್ ಡಬ್ಬಿ ತೆರೆಯುವ ಮೊದಲೇ ಆಯಿ ರಾಟಿ ನಿಲ್ಲಿಸಿ, "ನಮ್ಮ ಕೂಸಿಗೆ ಬ್ಯಾಡ್ರಿ," ಎಂದಳು.

ನಾನು ಶುರುಮಾಡಿದೆ. ರೋಗದ ಲೆಕ್ಕ ಹೇಳಿದೆ, ಪುಸ್ತಕದ ಮಾತು ಹೇಳಿದೆ. ಬಾಗಿಲಲ್ಲಿ ಓಣಿಯ ಜನ ಕೂಡಿದರು. ಜನ ಕೂಡಿದಷ್ಟೂ ನನ್ನ ದನಿ ಏರಿತು. ಆಯಿ ಎಲ್ಲ ಕೇಳಿಸಿಕೊಂಡು, "ಬ್ಯಾಡ ತಮ್ಮಾ," ಎಂದಷ್ಟೇ ಹೇಳಿದಳು. ಆಗ ನಾನು ದೇವರ ಜಗಲಿಯ ಮೇಲಿನ ದೇವಿಯ ಫೋಟೋ ಕಡೆಗೆ ಬೆರಳು ತೋರಿಸಿ ಅಂದೆ: "ಸಿಂಹದ ಮ್ಯಾಲ ಕುಂತಾಳ ನಿಮ್ಮ ಬನಶಂಕರಿ. ಎರಡು ಹನಿಗೆ ಹೆದರ್ತಾಳೇನ್ರಿ ಆಯಿ?"

ಬಾಗಿಲಲ್ಲಿದ್ದವರು ನಕ್ಕರು. ಅಕ್ಕ ತಲೆ ತಗ್ಗಿಸಿದಳು. ಆಯಿ ನನ್ನ ಮುಖವನ್ನು ಒಮ್ಮೆ ನೋಡಿ ರಾಟಿ ತಿರುಗಿಸತೊಡಗಿದಳು.

ಹನಿ ಹಾಕಿಸಿಕೊಳ್ಳದ ಮನೆಗೆ ಕತ್ತರಿ ಗುರುತು ಹಾಕಬೇಕೆಂದು ನಮಗೆ ಹೇಳಿದ್ದರು. ಹೊರಬರುವಾಗ ಜೇಬಿನಿಂದ ಸೀಮೆಸುಣ್ಣ ತೆಗೆದು ಆ ಮನೆಯ ಚೌಕಟ್ಟಿನ ಮೇಲೆ, ಅರಿಷಿಣ ಕುಂಕುಮದ ಪಕ್ಕದಲ್ಲೇ, ದೊಡ್ಡದಾಗಿ ಗೀಚಿದೆ. ಗೋಡೆ ಇತ್ತು. ಗೋಡೆಯ ಮೇಲೆ ಬರೆಯಬಹುದಿತ್ತು. ಸಿಟ್ಟಿನಲ್ಲಿ ಬಾಗಿಲೇ ಕಂಡಿತು.

ಒಳಗೆ ರಾಟಿಯ ಸಪ್ಪಳ ನಿಂತಿತು. ಆಯಿ ಎದ್ದು ಬಂದಳು, ಗುರುತು ನೋಡಿದಳು, ಒಂದು ತಂಬಿಗೆ ನೀರು ತಂದು ಇಡೀ ಚೌಕಟ್ಟನ್ನು ತೊಳೆದಳು. ಗುರುತು ಹೋದ ಮೇಲೂ ತೊಳೆಯುತ್ತಲೇ ಇದ್ದಳು. ಹಟ ಎಂದುಕೊಂಡೆ.

ಮರುದಿನ ರೊಟ್ಟಿ ಬರಲಿಲ್ಲ. ಅಷ್ಟೇ ಅಲ್ಲ, ಹಿಂದಿನ ದಿನ ನಾಳೆ ಬರ್ರಿ ಎಂದಿದ್ದ ಮನೆಗಳೂ ಬಾಗಿಲು ಹಾಕಿಕೊಂಡವು. ಆಯಿಯ ಮನೆಗೆ ಗುರುತು ಬಿತ್ತಂತೆ ಎಂಬ ಮಾತು ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಸಿಸ್ಟರ್ ಒಂದು ಕಟ್ಟೆಯ ಮೇಲೆ ಕೂತು ಡಬ್ಬಿ ಕೆಳಗಿಟ್ಟರು.

"ಮಾಸ್ತರ, ಆ ಚೌಕಟ್ಟು ಎಲ್ಲಿಂದ ಬಂದೈತಿ ಗೊತ್ತೈತೇನ್ರಿ ನಿಮಗ?"

ಗೊತ್ತಿರಲಿಲ್ಲ. ಮೂರು ವರ್ಷ ಅದರ ಕೆಳಗೆ ಬಗ್ಗಿ ಒಳಗೆ ಹೋಗಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

"ಹೋಗಿ ಕೇಳ್ರಿ. ಹನಿ ಮಾತ ಎತ್ತಬ್ಯಾಡ್ರಿ. ಬರೇ ಕೇಳ್ರಿ."

ಅಂದು ಅಮಾವಾಸ್ಯೆ. ನೇಕಾರರು ಮಗ್ಗಕ್ಕೆ ಇಳಿಯದ ದಿನ. ಓಣಿಯೆಲ್ಲ ಕಿವಿ ಕಿವುಡಾದ ಹಾಗೆ ಸುಮ್ಮನಿತ್ತು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಆಯಿ ಹೊಸ್ತಿಲಿಗೆ ಕುಂಕುಮ ಹಚ್ಚುತ್ತಿದ್ದಳು.

"ನಿಂತ ಮಾತಾಡವ್ರು ಸರ್ಕಾರದವ್ರು," ಎಂದಳು ತಲೆ ಎತ್ತದೆ. "ಮನಿಯಾವ ಆಗಿದ್ರ ಕುಂದರು."

ಕೂತೆ. "ತಪ್ಪಾತ್ರಿ ಆಯಿ. ಹಂಗ ಅನಬಾರದಿತ್ತು. ಬಾಗಲಕ್ಕ ಬರೀಬಾರದಿತ್ತು."

ಅವಳು ನನ್ನ ಕೈ ಹಿಡಿದು ಚೌಕಟ್ಟಿನ ಒಂದು ಕಡೆಗೆ ಒತ್ತಿದಳು. ಎಣ್ಣೆ ಕುಡಿದು ಕಪ್ಪಾದ ಕಟ್ಟಿಗೆ. ಅದರ ಕೆಳಗೆ, ಹೆರೆದು ತೆಗೆದರೂ ಹೋಗದ ಕೆಂಪು ಬಣ್ಣದ ಅಂಕಿ.

"ಇದು ಬಾಗಲಕೋಟಿ ಹಳೇ ಊರಿಂದು. ನಾ ಮದಲಗಿತ್ತಿ ಆಗಿ ದಾಟಿ ಬಂದ ಬಾಗಲಾ. ಸರ್ಕಾರದಿಂದ ಇಬ್ರು ಹುಡುಗ್ರು ಬಂದ್ರು, ನಿನ್ನ ವಾರಿಗಿಯವ್ರು. ಬಿಸಲಾಗ ಬಂದಾರಂತ ಮಜ್ಜಿಗಿ ಕೊಟ್ಟೆ. ಕುಡದು, ಬಣ್ಣದ ಡಬ್ಬಿ ತಗದು ನಂಬರ ಹಾಕಿದ್ರು. ಇದ್ಯಾಕಪಾ ಅಂದೆ. ಸುಮ್ನ ಎಣಿಕಿ ಆಯಿ, ನಿಮ್ಮ ಮನಿತನಕ ಡ್ಯಾಮಿನ ನೀರು ಬರೂದಿಲ್ಲ ಅಂದ್ರು. ನಾ ನಂಬಲಿಲ್ಲ. ಜಗಲಿ ಕಡೆ ತಿರುಗಿ ಕೈ ಮುಗದು, ಬನಶಂಕರಿ ಆಣಿ ಅಂದ್ರು. ಆವಾಗ ನಂಬಿದೆ."

ಆ ಅಂಕಿಯ ಮೇಲೆ ಒಮ್ಮೆ ಬೆರಳಾಡಿಸಿದಳು.

"ಈಗ ನಮ್ಮ ಅಡಿಗಿ ಮನ್ಯಾಗ ಮೀನ ಓಡಾಡ್ತಾವು. ಬಾಗಲಾ ಅಷ್ಟ ಕಿತ್ತಗೊಂಡು ಬಂದು ಮಗಳ ಮನಿಗೆ ಕೂಡ್ರಿಸಿದೆ. ನೀ ಅದಕ್ಕ ಮತ್ತ ಗುರತ ಹಾಕಿದಿ."

ಸರ್ಕಾರ ಮೋಸ ಮಾಡುತ್ತದೆ ಎಂಬ ಅವಳ ಮಾತಿಗೆ ನಾನು ನಕ್ಕ ನಗೆಯೆಲ್ಲ ನೆನಪಾಗತೊಡಗಿತು. ಅವಳು ಗಾಳಿಯಿಂದ ಹುಟ್ಟಿಸಿಕೊಂಡದ್ದು ಏನೂ ಇರಲಿಲ್ಲ. ಒಂದು ಖರೆ ಮೋಸ ನೋಡಿದವಳು, ಉಳಿದದ್ದೆಲ್ಲವನ್ನೂ ಅದೇ ಗಜಕಡ್ಡಿಯಿಂದ ಅಳೆಯುತ್ತಿದ್ದಳು.

ಹನಿಯ ಮಾತು ನಾನು ಎತ್ತಲಿಲ್ಲ. ಅವಳೇ ಎತ್ತಿದಳು. "ಈ ಹನಿಲೆ ಕೂಸಿಗೆ ಕೇಡಿಲ್ಲಂತ ನೀ ಬನಶಂಕರಿ ಆಣಿ ಮಾಡತೀಯೇನು?"

ಒಳಗಿನಿಂದ ಅಕ್ಕ ಕೂಸನ್ನೆತ್ತಿಕೊಂಡು ಬಂದು ನಿಂತಿದ್ದಳು. ಹೂಂ ಎಂದರೆ ಮುಗಿಯುತ್ತಿತ್ತು. ಎರಡು ಮಾತು, ಒಂದು ಸಲ ಕೈ ಮುಗಿಯುವುದು. ಕೂಸಿಗೆ ಒಳ್ಳೆಯದೇ ಆಗುತ್ತಿತ್ತು. ಆದರೆ ಆ ಕೆಂಪು ಅಂಕಿಯನ್ನು ಮುಟ್ಟಿದ ಬೆರಳು ಇನ್ನೂ ಎಣ್ಣೆ ಎಣ್ಣೆಯಾಗಿತ್ತು.

"ಆಯಿ, ನಾ ಆಕೀನ್ನ ನಂಬೂದಿಲ್ರಿ. ನಾ ಮಾಡಿದ ಆಣಿಗೆ ಕಿಮ್ಮತ್ತಿಲ್ಲ."

ಅಕ್ಕ ಕಣ್ಣು ಮುಚ್ಚಿಕೊಂಡಳು. ಎಲ್ಲ ಕೆಟ್ಟಿತು ಎಂದು ನಾನೂ ಅಂದುಕೊಂಡೆ. ಆಯಿ ಕುಂಕುಮದ ಬಟ್ಟಲನ್ನು ನೆಲಕ್ಕಿಟ್ಟು, ಸಾಲಿಯ ಹುಡುಗನನ್ನು ಕೇಳುವ ಹಾಗೆ ಕೇಳಿದಳು: "ಮತ್ತ ಯಾವುದನ್ನ ನಂಬತಿ? ಏನರೆ ಇರಬೇಕಲಾ. ಅದರ ಮ್ಯಾಲ ಮಾಡು."

ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಏನು ನಂಬುವುದಿಲ್ಲ ಎಂದು ಸಾವಿರ ಸಲ ಹೇಳಿದ್ದೆ.

"ನಮ್ಮ ಅಣ್ಣನ ಕಾಲಿನ ಮ್ಯಾಲ ಮಾಡತೇನ್ರಿ," ಎಂದೆ.

"ಯಾವ ಕಾಲು?"

"ಬಲಗಾಲು. ಸಣ್ಣಾಂವ ಇದ್ದಾಗ ಇದ ರೋಗ ಬಂದು ಸೊರಗೇತಿ. ತೊಡಿಗೆ ಕೈ ಒತ್ತಿ ನಡೀತಾನ. ಆವಾಗ ನಮ್ಮೂರಿಗೆ ಈ ಹನಿ ಬಂದಿರಲಿಲ್ಲ."

ಆಯಿ ನನ್ನ ಕಡೆಗೆ ಸರಿದು ಕೂತಳು. "ಇದನ್ನ ನಿನ್ನಿ ಹೇಳೂದು ಬಿಟ್ಟು ಲೆಕ್ಕ ಹೇಳಿದೆಲೋ."

ಹೌದು. ಹೇಳಿರಲಿಲ್ಲ. ಜನರ ಮುಂದೆ ಅಣ್ಣನ ಕಾಲನ್ನು ತರಲು ನಾಚಿಕೆಯಾಗಿತ್ತು. ಅವಳ ದೇವಿಯನ್ನು ತರಲು ಆಗಿರಲಿಲ್ಲ.

"ಕೈ ಮುಗದವ್ರು ಆಣಿ ಮಾಡಿ ಮೋಸ ಮಾಡಿದ್ರು," ಎಂದಳು. "ನಿನಗ ಸುಳ್ಳ ಆಣಿ ಮಾಡಾಕ ಬರಲಿಲ್ಲ. ನಿನ್ನ ಮಾತು ನಾ ತಗೋತೇನಿ. ಕರಿ ಆ ಬಾಯಾರ್ನ."

ಸಿಸ್ಟರ್ ಬಂದರು. ಆಯಿಯ ಧೈರ್ಯಕ್ಕಾಗಿ ಮೊದಲು ನನಗೆ ಹಾಕಿ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಯಿ ಕೂತಲ್ಲಿಂದ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. "ನಿನಗ್ಯಾಕ? ಬ್ಯಾಡ ತಮ್ಮಾ, ನಿಂದಿನ್ನೂ ಲಗ್ನ ಆಗಿಲ್ಲ." ಹನಿ ಆಗಲೇ ನಾಲಿಗೆಯ ಮೇಲೆ ಬಿದ್ದಿತ್ತು. ಆಯಿಯ ಮುಖ ಬಿಳಿಚಿತು. ಅವಳ ಹೆದರಿಕೆ ಹೋಗಿರಲೇ ಇಲ್ಲ! ಹೆದರಿಕೆಯನ್ನು ಇಟ್ಟುಕೊಂಡೇ ನನ್ನ ಮಾತಿಗೆ ಒಪ್ಪಿದ್ದಳು.

"ಮತ್ತ ಕೂಸಿಗೆ ಹೆಂಗ ಹಾಕಸ್ತೀರಿ?" ಎಂದೆ.

"ಕೂಸು ಆಕೀ ಕೊಟ್ಟಿದ್ದು. ಆಕೀ ನೋಡ್ಕೋತಾಳ. ನಿನಗ ಯಾರದಾರ?"

ಹಾಗೆಂದವಳೇ ಕೂಸಿನ ಗದ್ದ ತಾನೇ ಹಿಡಿದಳು. ಎರಡು ಹನಿ. ಕೂಸು ಮುಖ ಕಿವುಚಿತು, ಆಮೇಲೆ ಚಪ್ಪರಿಸಿತು. ಸಿಸ್ಟರ್ ಗೋಡೆಯ ಮೇಲೆ ಸಣ್ಣದಾಗಿ ಗುರುತು ಬರೆದರು. ಸಂಜೆಯೊಳಗೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು.

ಮರುದಿನ ರೊಟ್ಟಿ ಬಂತು. ಮೊದಲಿನ ಹಾಗೇ ನಾನು ಅವರ ಮನೆಗೆ ಹೋಗಿ ಕೂಡುತ್ತಿದ್ದೆ. ಆದರೆ ರಾಟಿಯ ಪಕ್ಕದಲ್ಲಿ ಬಸಿ ಇರುತ್ತಿರಲಿಲ್ಲ. ಚಹಾ ಬಂದರೆ ನನಗೊಬ್ಬನಿಗೇ. ಕೇಳಿದರೆ, "ಪಿತ್ತ ಆಗೇತಿ ತಮ್ಮಾ," ಎನ್ನುತ್ತಿದ್ದಳು. ಪಿತ್ತ ಇಷ್ಟು ದಿನ ಇರುತ್ತದೆಯೇ ಎಂದು ನಾನು ಯೋಚಿಸಲಿಲ್ಲ. ಮಳೆ, ರೇಡಿಯೋ, ಉಪ್ಪು ಎಲ್ಲದರ ಮೇಲೂ ಮೊದಲಿನಂತೆಯೇ ಮಾತಾಡುತ್ತಿದ್ದಳು. ನಾನು ನಗುವ ಮೊದಲು ಯಾಕ್ರಿ ಆಯಿ ಎಂದು ಕೇಳುವುದನ್ನು ಕಲಿತಿದ್ದೆ. ಕೇಳಿದರೆ ಒಂದೊಂದಕ್ಕೂ ಹಿಂದೊಂದು ಕತೆ ಇರುತ್ತಿತ್ತು.

ಮರುವರ್ಷ ನನಗೆ ಲಗ್ನವಾಯಿತು. ಎರಡು ವರ್ಷ ಮಕ್ಕಳಾಗಲಿಲ್ಲ. ನಮಗೆ ಅವಸರವಿರಲಿಲ್ಲ, ಆಯಿಗೆ ಇತ್ತು. ಮೂರನೆಯ ವರ್ಷ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಆಯಿ ಕೂಸಿನ ತಲೆಗೆ ಖಣದ ಅರಿವೆಯ ಕುಂಚಿಗೆ ಹೊಲಿದು ತಂದಳು, ಕೂಸನ್ನು ಮೂರು ಸಲ ತೂಗಿದಳು. ಹೊರಡುವಾಗ ನನ್ನ ಕಡೆಗೆ ತಿರುಗಿ, "ನಾಳಿ ನನ್ನ ಬನಶಂಕರಿಗೆ ಕರಕೊಂಡ ನಡಿ," ಎಂದಳು. ಕೇಳುವ ದನಿಯಲ್ಲ, ಹೇಳುವ ದನಿ.

ಅಕ್ಕನೂ ಬಂದಳು. ನಾನು ಗುಡಿಯ ಮುಂದಿನ ಹೊಂಡದ ಮೆಟ್ಟಿಲ ಮೇಲೆ ಚಪ್ಪಲಿ ಕಾಯುತ್ತ ಕೂತೆ. ಆಯಿ ಒಳಗೆ ಹೋಗಿ ದೇವಿಗೆ ಅಳಿಯ ನೇಯ್ದ ಸೀರೆ ಉಡಿಸಿ, ಉಡಿ ತುಂಬಿ ಬಂದಳು. ಒಳಗೆ ಬಾ ಎಂದು ಅವಳು ಕರೆದಿರಲಿಲ್ಲ. ಕೊಬ್ಬರಿಯ ಚೂರು ಕೊಟ್ಟಾಗ ನಾನು ಎರಡೂ ಕೈ ಒಡ್ಡಿದೆ.

ಆಮೇಲೆ ಗುಡಿಯ ಹೊರಗಿನ ಚಹಾದ ಅಂಗಡಿಯಲ್ಲಿ ಕೂತೆವು. "ಮೂರ ಚಹಾ," ಎಂದಳು ಆಯಿ.

"ಪಿತ್ತ ಏನಾತ್ರಿ ಆಯಿ?"

"ಹೋತು."

ಅವಳು ಕೈ ತೊಳೆಯಲು ಎದ್ದಾಗ ಅಕ್ಕ ನನ್ನ ಕಡೆಗೆ ಬಗ್ಗಿ ಹೇಳಿದಳು. ನನ್ನ ನಾಲಿಗೆಗೆ ಹನಿ ಬಿದ್ದ ಆ ಅಮಾವಾಸ್ಯೆಯ ದಿನವೇ ಆಯಿ ಹರಕೆ ಹೊತ್ತಿದ್ದಳು: ಈ ಹುಡುಗನ ಮನೆಯಲ್ಲಿ ತೊಟ್ಟಿಲು ತೂಗುವವರೆಗೆ ಚಹಾ ಮುಟ್ಟುವುದಿಲ್ಲ. "ನಿನಗ ಹೇಳಬ್ಯಾಡ ಅಂದಿದ್ಲು. ನಂಬದವರಿಗೆ ಭಾರ ಆಗ್ತೈತಂತ."

ಆಯಿ ಬಂದು ಕೂತಳು. ಬಸಿಗೆ ಸುರುವಿಕೊಂಡು, ಒಮ್ಮೆ ಊದಿ, ಕಣ್ಣು ಮುಚ್ಚಿ ಹೀರಿದಳು. ನಾಲ್ಕು ವರ್ಷದ ಮೇಲಿನ ಮೊದಲ ಗುಟುಕು.

"ಸಕ್ಕರಿ ಕಮ್ಮಿ ಆಗೇತಿ," ಎಂದಳು.

ಮುಂದಿನ ವರ್ಷ ನನಗೆ ಬಾಗಲಕೋಟೆಗೆ ವರ್ಗವಾಯಿತು. ಆಯಿ ಹೋದ ಸುದ್ದಿ ಬಂದಾಗ ಸಾಲಿಯಲ್ಲಿ ಪರೀಕ್ಷೆ ನಡೆದಿತ್ತು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಾಟಿಯಲ್ಲಿ ಅರ್ಧ ಸುತ್ತಿದ ಕಂಡಿಕೆ ಹಾಗೇ ಇತ್ತು. ಭಾರವಾಗುತ್ತದೆ ಎಂದಿದ್ದಳಲ್ಲ... ಆಗಲಿಲ್ಲ ಆಯಿ ಎಂದು ಹೇಳಬೇಕೆಂದಿದ್ದೆ. ಹೇಳುವುದು ಉಳಿಯಿತು. ಅಕ್ಕನ ಆ ಕೂಸು ಈಗ ನನಗಿಂತ ಎತ್ತರದ ಹುಡುಗ. ಅದೇ ಚೌಕಟ್ಟಿನ ಕೆಳಗೆ ತಲೆ ಬಗ್ಗಿಸಿಯೇ ಓಡಾಡುತ್ತಾನೆ.

ಮೊನ್ನೆ ನೀಲಿ ಡಬ್ಬಿಯ ಹುಡುಗಿ ನನ್ನ ಉತ್ತರಕ್ಕೆ ಕಾಯುತ್ತ ಸೀಮೆಸುಣ್ಣ ಹಿಡಿದು ಇನ್ನೂ ನಿಂತೇ ಇದ್ದಳು. ಮಗಳ ತೊಡೆಯ ಮೇಲೆ ಮೊಮ್ಮಗಳು ಹನಿಯನ್ನು ಚಪ್ಪರಿಸುತ್ತಿದ್ದಳು.

"ನಿಂತ ಮಾತಾಡೂದಲ್ಲವ್ವಾ ಅದು," ಎಂದೆ. "ಕುಂದರು."

ಅವಳು ಗೋಡೆಯ ಮೇಲೆ ಗುರುತು ಬರೆದು ಕಟ್ಟೆಯ ಮೇಲೆ ಕೂತಳು. ನನ್ನ ಹೆಂಡತಿ ಚಹಾ ತಂದಳು. ಹುಡುಗಿ ಒಂದು ಗುಟುಕು ಕುಡಿದು, ಸಂಕೋಚದಿಂದ, ಸ್ವಲ್ಪ ಸಕ್ಕರೆ ಕೇಳಿದಳು.