ಮೂರನೆಯ ಗುಂಡು

ಕೋವಿ ರಿಪೇರಿಯವನಿಗೆ ಎರಡು ಹೆಮ್ಮೆಗಳಿದ್ದವು. ತಾನು ಮುಟ್ಟಿದ ಕೋವಿ ದೂರು ಹೊತ್ತು ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಒಂದು, ತಾನು ಯಾರ ಮುಂದೆಯೂ ದನಿ ಎತ್ತಿದವನಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಅವನ ಹೆಂಡತಿಯೇ ಸಾಕ್ಷಿ. "ನೀವು ಆಡೋ ಮಾತು ಆ ಅರಗಳಿಗೆ ಬಿಟ್ರೆ ಇನ್ಯಾರಿಗೂ ಕೇಳ್ಸಲ್ಲ" ಎಂದು ಅವಳು ಗೊಣಗುತ್ತಿದ್ದಳು.

ಅಂಗಡಿ ಎಂದರೆ ಒಂದೇ ಕೋಣೆ. ಕಿಟಕಿಗೆ ಅಂಟಿಕೊಂಡ ಮೇಜು, ಅದರ ಅಂಚು ಕಚ್ಚಿ ಕೂತ ವೈಸ್ ಇಕ್ಕಳ, ಗೋಡೆಯ ಮೇಲೆ ಗಾತ್ರದ ಸಾಲಿನಲ್ಲಿ ನೇತಾಡುವ ಅರಗಳು. ಅಲ್ಲಿಗೆ ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಹಳೆಯ ಕಂಬಳಿಯಲ್ಲಿ ಸುತ್ತಿದ ಕೋವಿ ತಂದು ಮೇಜಿನ ಮೇಲೆ ಇಟ್ಟಳು. ಅವನು ಮನುಷ್ಯರ ಮುಖ ಮರೆಯುತ್ತಿದ್ದ, ಕೋವಿಗಳದ್ದಲ್ಲ. ಟ್ರಿಗರಿನ ಕೆಳಗಿನ ಲಿವರನ್ನು ಒಮ್ಮೆ ಎಳೆದು ಬಿಟ್ಟರೆ ಮುಂದಿನ ಗುಂಡು ತಾನಾಗಿ ಏರುವ ಹಳೆಯ ಬೇಟೆ ಕೋವಿ ಅದು. ಇಪ್ಪತ್ತೆಂಟು ವರ್ಷದ ಹಿಂದೆ ಇವಳ ಚಿಕ್ಕಪ್ಪ ಅದನ್ನು ಇದೇ ಅಂಗಡಿಗೆ ರಿಪೇರಿಗೆ ತಂದಿದ್ದ.

"ಬೇಟೆ ಪರವಾನಗಿಗೆ ಪರೀಕ್ಷೆ ಇದೆ. ನೂರು ಹೆಜ್ಜೆ ದೂರದಿಂದ ಐದು ಗುಂಡು, ಐದೂ ತಟ್ಟೆಯಗಲದ ಗುರಿಯೊಳಗೆ ಬೀಳ್ಬೇಕು," ಎಂದಳು. "ಮೊದಲ ಎರಡು ಹೇಳಿದ ಮಾತು ಕೇಳ್ತವೆ. ಮೂರನೇದರಿಂದ ಮೇಲಕ್ಕೆ ಹಾರ್ತವೆ. ನಮ್ಮ ವಂಶದವರ ಕೈಯೇ ಹೀಗೇನೋ."

ಆ ಮನೆಯವರ ಕೈಯ ಕಥೆ ಇಡೀ ಬೀದಿಗೆ ಗೊತ್ತಿತ್ತು. ಚಿಕ್ಕಪ್ಪ ಕೈಗಡಿಯಾರ ರಿಪೇರಿಯಲ್ಲಿ ಎತ್ತಿದ ಕೈ. ಇದೇ ಕೋವಿ ಹಿಡಿದು ತನ್ನ ಅಣ್ಣನ, ಅಂದರೆ ಇವಳ ಅಪ್ಪನ, ಜೊತೆ ಬೇಟೆಗೆ ಹೋದಾಗ ಕಾಡುಹಂದಿ ಎದುರಾಯಿತು. ಎರಡು ಗುಂಡು ತಗುಲಿಯೂ ಅದು ಬೀಳಲಿಲ್ಲ, ಮೂರನೆಯದು ಅದರ ಬೆನ್ನಿನ ಮೇಲೆ ಹಾದುಹೋಯಿತು. ಹಂದಿ ಅಣ್ಣನ ಮೊಣಕಾಲನ್ನು ಸೀಳಿತು. ಅಣ್ಣ ಒಂದು ಮಾತೂ ಆಡಲಿಲ್ಲ, ಊರು ಆಡಿತು. 'ನಡುಗ' ಎಂದು ಹೆಸರಿಟ್ಟಿತು. ಆ ಹೆಸರನ್ನು ಅವನೂ ನಂಬಿ, ಗಡಿಯಾರಗಳನ್ನು ಬಿಟ್ಟು, ಗೋದಾಮೊಂದರ ಕಾವಲು ಕೆಲಸಕ್ಕೆ ಸೇರಿದ.

ರಿಪೇರಿಯವನು ನಳಿಗೆಯ ಬಾಯಿ ನೋಡಿದ, ಸವೆದಿರಲಿಲ್ಲ. ಒಳಗಿನ ಗೆರೆಗಳು ಚೂಪಾಗಿದ್ದವು. ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಒಂದು ಕಾಗದದ ಚೂರು ತೂರಿಸಿದ. ತುದಿಯವರೆಗೆ ಓಡಬೇಕಿದ್ದದ್ದು ಬೆರಳಗಲ ಹೋಗಿ ನಿಂತಿತು. ತಿರುಪು ಬಿಚ್ಚಿ ಮರ ಎತ್ತಿದ. ಒಳಗೆ ಹಿತ್ತಾಳೆಯ ತೆಳುಪಟ್ಟಿಯೊಂದು ಅಚ್ಚುಕಟ್ಟಾಗಿ ಅಂಟಿ ಕೂತಿತ್ತು. ಅವನೇ ಕತ್ತರಿಸಿದ್ದು, ಅವನೇ ಕೂರಿಸಿದ್ದು.

"ನಡೆಯುವಾಗ ಮರ ಗಲಗಲ ಅನ್ನುತ್ತೆ, ಪ್ರಾಣಿಗಳಿಗೆ ಕೇಳ್ಸುತ್ತೆ" ಎಂದು ಅಂದು ಚಿಕ್ಕಪ್ಪ ತಂದಿದ್ದ. ಗಲಗಲ ನಿಲ್ಲಿಸಿದ್ದಕ್ಕೆ ಇವನು ಬೀಗಿದ್ದ. ಬಿಸಿಯಾದ ನಳಿಗೆ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಬಾಗುತ್ತದೆ ಎಂದು ಆಗ ಅವನಿಗೆ ತಿಳಿದಿರಲಿಲ್ಲ. ಒಂದೇ ಒಂದು ಗುಂಡು ಹಾರಿಸಿ ನೋಡಿ, ಸರಿಯಿದೆ ಎಂದು ಕೊಟ್ಟು ಕಳಿಸಿದ್ದ. ಆ ಕೋವಿ ಯಾಕೆ ಮತ್ತೆ ಅಂಗಡಿಗೆ ಬರಲಿಲ್ಲ ಎಂಬುದೂ ಈಗ ತಿಳಿಯಿತು: ದೂರೆಲ್ಲ ಕೋವಿಯ ಬದಲು ಹಿಡಿದವನ ಕೈಯ ಮೇಲೆ ಹೋಗಿತ್ತು.

ಪಟ್ಟಿ ಕಿತ್ತು ಜೇಬಿಗೆ ಹಾಕಿದ. ನಳಿಗೆಗೆ ದೀಪದ ಮಸಿ ಬಳಿದು ಮರ ಕೂರಿಸಿದ, ತೆಗೆದ, ಕಪ್ಪು ಹತ್ತಿದ ಕಡೆಯೆಲ್ಲ ಕೆರೆದ. ಕಾಗದ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡುವವರೆಗೆ ಎರಡು ದಿನ ಅದೇ ಕೆಲಸ. ಮೂರನೆಯ ದಿನ ಬಯಲಿನಲ್ಲಿ ಅವಳು ಐದು ಗುಂಡು ಹಾರಿಸಿದಳು. ಐದನ್ನೂ ಒಂದು ಅಂಗೈ ಮುಚ್ಚುವಂತಿತ್ತು.

"ಏನಾಗಿತ್ತು ಇದಕ್ಕೆ?"

"ಮರ ಬಿಗಿಯಾಗಿತ್ತು," ಎಂದ. ಅದು ಸುಳ್ಳಲ್ಲ. ಅವಳು ಖುಷಿಯಾಗಿ ಹೊರಟಳು. ಅಲ್ಲಿಗೆ ಮುಗಿಯಬಹುದಿತ್ತು. ಪಟ್ಟಿಯನ್ನು ಕಸದ ಡಬ್ಬಿಗೆ ಹಾಕಲು ಎರಡು ಸಲ ಹೋದ, ಎರಡು ಸಲವೂ ಜೇಬಿಗೇ ಹಾಕಿಕೊಂಡು ಬಂದ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಭಯ.

ಭಾನುವಾರ ಆ ಮನೆಯ ಬಾಗಿಲು ತಟ್ಟಿದ. ಚಿಕ್ಕಪ್ಪನೇ ತೆರೆದ. ಇವನು ಹೊಸ್ತಿಲಲ್ಲೇ ನಿಂತು, ಪಟ್ಟಿ ಕೈಗೆ ಕೊಟ್ಟು, ಎಂದಿನ ಸಣ್ಣ ದನಿಯಲ್ಲಿ ಎಲ್ಲ ಹೇಳಿದ.

ಚಿಕ್ಕಪ್ಪ ಪಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಗಡಿಯಾರದವನ ಬೆರಳುಗಳು ಒಂದಿಷ್ಟೂ ಅಲುಗಲಿಲ್ಲ.

"ಅಂದ್ರೆ ಅವತ್ತು ನನ್ನ ಕೈ ನಡುಗಿರ್ಲಿಲ್ಲ."

"ಇಲ್ಲ."

ಬೈಗುಳಕ್ಕೆ ಇವನು ತಯಾರಾಗಿಯೇ ಬಂದಿದ್ದ. ಚಿಕ್ಕಪ್ಪ ಬೈಯಲಿಲ್ಲ. ಇವನ ತೋಳು ಹಿಡಿದು ಒಳಗೆ, ಕಾಲು ಚಾಚಿ ಕೂತಿದ್ದ ಅಣ್ಣನ ಮುಂದೆ ಎಳೆದು ನಿಲ್ಲಿಸಿದ. "ನಮ್ಮಣ್ಣನಿಗೂ ಹೇಳು."

ಹೇಳಿದ. ಅಣ್ಣ ಕಿವಿಗೆ ಅಂಗೈ ಆನಿಸಿಕೊಂಡ.

"ಗಟ್ಟಿಯಾಗಿ ಹೇಳಪ್ಪಾ, ನಂಗೆ ಸರಿಯಾಗಿ ಕೇಳ್ಸಲ್ಲ."

ಕಿಟಕಿ ತೆರೆದಿತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಮುಚ್ಚಲೆಂದು ರಿಪೇರಿಯವನು ಅತ್ತ ಒಂದು ಹೆಜ್ಜೆ ಇಟ್ಟ. "ಅದು ತೆರೆದೇ ಇರ್ಲಿ," ಎಂದ ಚಿಕ್ಕಪ್ಪ.

ಅವನು ಉಸಿರೆಳೆದುಕೊಂಡು, ಜನ್ಮದಲ್ಲೇ ಮೊದಲ ಸಲ ದನಿ ಎತ್ತಿ ಕೂಗಿದ: "ತಪ್ಪು ನಂದು! ನಿಮ್ಮ ತಮ್ಮನ ಕೈ ನಡುಗಿರ್ಲಿಲ್ಲ!"